ದಾವಣಗೆರೆಯಲ್ಲಿದ್ದುಕೊಂಡೇ ಯುರೋಪಿನ ರಾಜಕಾರಣವನ್ನೂ ಸಮಾಜವನ್ನೂ ವರದಿ ಮಾಡುವುದು ಹೇಗೆ?

ಯುರೋಪಿನ ಸುದ್ದಿ ಕನ್ನಡದ ಓದುಗರ ಕೈಸೇರುವುದು ಹಲವು ಮೇಜುಗಳನ್ನು ದಾಟಿದ ಮೇಲೆ. ಸುದ್ದಿಸಂಸ್ಥೆಯವರು ತಮ್ಮ ಓದುಗರನ್ನು ಗಮನದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದದ್ದನ್ನು ದೆಹಲಿಯ ಡೆಸ್ಕ್ ಚಿಕ್ಕದು ಮಾಡುತ್ತದೆ, ಬೆಂಗಳೂರಿನ ಡೆಸ್ಕ್ ಅನುವಾದಿಸುತ್ತದೆ, ಕೊನೆಗೆ ವಿದೇಶ ಪುಟದಲ್ಲಿ ಉಳಿಯುವುದು ನಾಲ್ಕು ಪ್ಯಾರಾ. ಅಷ್ಟರಲ್ಲಿ ಚಳ್ಳಕೆರೆಯ ಶೇಂಗಾ ವ್ಯಾಪಾರಿಗೆ, ಜರ್ಮನಿಗೆ ಎಂ.ಎಸ್. ಓದಲು ಹೊರಟಿರುವ ದಾವಣಗೆರೆಯ ಹುಡುಗಿಗೆ, ಹೊಳಲ್ಕೆರೆ ಕಡೆಯ ಅದಿರು ಲಾರಿ ಮಾಲೀಕರಿಗೆ ಬೇಕಾಗಿದ್ದ ಸಂಗತಿ ಎಲ್ಲೋ ಬಿದ್ದುಹೋಗಿರುತ್ತದೆ. ಒಂದು ಮೊಬೈಲು, ಒಂದು ಲ್ಯಾಪ್‌ಟಾಪು, ತಕ್ಕಮಟ್ಟಿನ ಇಂಟರ್ನೆಟ್ ಇರುವ ಜಿಲ್ಲಾ ಮಟ್ಟದ ಪತ್ರಕರ್ತರು ಈ ಮೇಜುಗಳನ್ನೆಲ್ಲ ಬದಿಗಿಟ್ಟು ಬರಹ, ಧ್ವನಿ, ವಿಡಿಯೊ ಮೂರರಲ್ಲೂ ನೇರವಾಗಿ ಕೆಲಸ ಮಾಡುವುದು ಸಾಧ್ಯವಿದೆ. ಅದಕ್ಕೆ ನಾನು ಸೂಚಿಸುವ ಕ್ರಮ ಹೀಗಿದೆ: ಮೊದಲು ಮೂಲ ದಾಖಲೆ, ಆಮೇಲೆ ಆ ದಾಖಲೆಯಿಂದ ಬದುಕು ಬದಲಾಗಲಿರುವ ಮನುಷ್ಯ, ಸುದ್ದಿಸಂಸ್ಥೆಯ ವರದಿ ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಎಲ್ಲ ಸೂಚನೆಗಳೂ ಈ ಕ್ರಮವನ್ನು ಕಾಪಾಡಿಕೊಳ್ಳುವ ಬಗೆಗಳೇ ಆಗಿವೆ.

ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ತಿಳಿದುಕೊಳ್ಳಿ

ಯುರೋಪಿಯನ್ ಒಕ್ಕೂಟದಲ್ಲಿ 27 ದೇಶಗಳಿವೆ. ಬ್ರಿಟನ್ 2020ರ ಜನವರಿ 31ರಂದು ಹೊರಬಂದಿದೆ. ನಾರ್ವೆ ಮತ್ತು ಸ್ವಿಟ್ಜರ್ಲೆಂಡ್ ಎಂದೂ ಸೇರಿಲ್ಲ. ಒಕ್ಕೂಟದ ಕಾನೂನಿನ ಕರಡನ್ನು ಮುಂದಿಡುವ ಅಧಿಕಾರ ಬಹುಮಟ್ಟಿಗೆ ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಕಮಿಷನ್ನಿನದು. ಉರ್ಸುಲಾ ಫಾನ್ ಡೆರ್ ಲೈಯೆನ್ ಅವರು 2019ರ ಡಿಸೆಂಬರ್‌ನಿಂದ ಅದರ ಅಧ್ಯಕ್ಷರಾಗಿದ್ದು, 2024ರ ಡಿಸೆಂಬರ್‌ನಲ್ಲಿ ಎರಡನೆಯ ಅವಧಿಯನ್ನು ಆರಂಭಿಸಿದರು. ಆ ಕರಡನ್ನು ತಿದ್ದಿ ಒಪ್ಪಬೇಕಾದವರು ಇಬ್ಬರು: ಜನರು ನೇರವಾಗಿ ಆರಿಸಿದ 720 ಸದಸ್ಯರ ಯುರೋಪಿಯನ್ ಪಾರ್ಲಿಮೆಂಟ್, ಮತ್ತು ಸದಸ್ಯ ದೇಶಗಳ ಸಚಿವರು ಕೂಡುವ ಮಂತ್ರಿಗಳ ಕೌನ್ಸಿಲ್. ದೇಶಗಳ ಪ್ರಧಾನಿಗಳೂ ಅಧ್ಯಕ್ಷರೂ ಸೇರುವ ಯುರೋಪಿಯನ್ ಕೌನ್ಸಿಲ್ ಇದರಿಂದ ಬೇರೆ. ಅದು ದಿಕ್ಕು ತೋರಿಸುತ್ತದೆ, ಕಾನೂನು ಮಾಡುವುದಿಲ್ಲ. ಗೋವಾ ಮೂಲದ ತಂದೆಯ ಮಗನಾದ ಆಂಟೋನಿಯೊ ಕೋಸ್ಟಾ ಅವರು ಅಧ್ಯಕ್ಷತೆ ವಹಿಸಿರುವುದು ಈ ಕೌನ್ಸಿಲ್‌ಗೆ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಕೌನ್ಸಿಲ್ ಆಫ್ ಯುರೋಪ್ ಅಂತೂ ಒಕ್ಕೂಟದ ಅಂಗವೇ ಅಲ್ಲ. ಅದು 46 ದೇಶಗಳ ಪ್ರತ್ಯೇಕ ಸಂಸ್ಥೆ. ಮಾನವ ಹಕ್ಕುಗಳ ನ್ಯಾಯಾಲಯ ಅದರ ವ್ಯವಸ್ಥೆಗೆ ಸೇರಿದ್ದು. ಆ ನ್ಯಾಯಾಲಯದ ತೀರ್ಪನ್ನು ಒಕ್ಕೂಟದ ತೀರ್ಪೆಂದು ಬರೆಯುವುದು ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ನಡೆದಿದೆ. ಒಕ್ಕೂಟದ ನ್ಯಾಯಾಲಯ ಇರುವುದು ಲಕ್ಸೆಂಬರ್ಗ್‌ನಲ್ಲಿ.

ಇನ್ನು ಎರಡು ಸಂಗತಿಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧದಷ್ಟು ತಪ್ಪು ವರದಿ ತಪ್ಪುತ್ತದೆ. ಒಂದು, ರೆಗ್ಯುಲೇಶನ್ ಎಂಬುದು ಎಲ್ಲ 27 ದೇಶಗಳಲ್ಲೂ ನೇರವಾಗಿ ಅನ್ವಯಿಸುತ್ತದೆ. ಡೈರೆಕ್ಟಿವ್ ಆದರೆ ಪ್ರತಿ ದೇಶವೂ ತನ್ನದೇ ಕಾನೂನು ಮಾಡಿ ಜಾರಿಗೆ ತರಬೇಕು, ಹಾಗಾಗಿ ‘ಯುರೋಪಿನಲ್ಲಿ ಇಂದಿನಿಂದ ಜಾರಿ’ ಎಂಬ ಶೀರ್ಷಿಕೆ ಅಲ್ಲಿ ಸಲ್ಲುವುದಿಲ್ಲ. ಇನ್ನೊಂದು, ಮಂತ್ರಿಗಳ ಕೌನ್ಸಿಲ್‌ನಲ್ಲಿ ಹೆಚ್ಚಿನ ವಿಷಯಗಳಿಗೆ ಶೇ 55ರಷ್ಟು ದೇಶಗಳು, ಅಂದರೆ 15 ದೇಶಗಳು ಒಪ್ಪಬೇಕು, ಅವುಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನರಿರಬೇಕು. ತೆರಿಗೆ ಮತ್ತು ವಿದೇಶಾಂಗ ನೀತಿಯಂತಹ ವಿಷಯಗಳಿಗೆ ಮಾತ್ರ ಎಲ್ಲರ ಒಪ್ಪಿಗೆ ಬೇಕು. ಒಂದು ಸಣ್ಣ ದೇಶ ಹಟ ಹಿಡಿದರೆ ರಷ್ಯಾ ಮೇಲಿನ ನಿರ್ಬಂಧ ಏಕೆ ತಡವಾಗುತ್ತದೆ, ಆದರೆ ವಾಹನದ ಹೊಗೆಯ ನಿಯಮ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಮೂಲ ದಾಖಲೆ ಎಲ್ಲಿ ಸಿಗುತ್ತದೆ

ಬ್ರಸೆಲ್ಸ್‌ನಲ್ಲಿ ನಡೆಯುವ ಬಹಿರಂಗ ಕಲಾಪವನ್ನು ನೋಡಲು ಬ್ರಸೆಲ್ಸ್‌ಗೆ ಹೋಗಬೇಕಿಲ್ಲ. ಕಮಿಷನ್ನಿನ ವಕ್ತಾರರು ಕೆಲಸದ ದಿನಗಳಲ್ಲಿ ಮಧ್ಯಾಹ್ನ 12ಕ್ಕೆ ನಡೆಸುವ ಪತ್ರಿಕಾಗೋಷ್ಠಿ ನೇರಪ್ರಸಾರವಾಗುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೇಸಿಗೆಯಲ್ಲಿ 3:30, ಚಳಿಗಾಲದಲ್ಲಿ 4:30. ಯುರೋಪಿನ ಗಡಿಯಾರ ಮಾರ್ಚಿಯ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೂ ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ಹೋಗುವುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕಾನೂನಿನ ಪೂರ್ಣಪಾಠ ಯುರ್‌ಲೆಕ್ಸ್ ತಾಣದಲ್ಲಿ, ಅಂಕಿಅಂಶಗಳು ಯುರೋಸ್ಟ್ಯಾಟ್‌ನಲ್ಲಿ, ಪಾರ್ಲಿಮೆಂಟಿನ ಸಮಿತಿಗಳ ಕಲಾಪ ಅದರದೇ ತಾಣದಲ್ಲಿ, ಎಲ್ಲವೂ ಉಚಿತ.

ಈ ದಾಖಲೆಗಳನ್ನು ಜಿಲ್ಲೆಯ ಕಣ್ಣಿನಿಂದ ಓದುವುದು ಹೇಗೆಂದು ಒಂದು ಉದಾಹರಣೆಯನ್ನು ಬಿಡಿಸಿ ತೋರಿಸುತ್ತೇನೆ. ಆಹಾರದಲ್ಲಿ ಅಪಾಯಕಾರಿ ಅಂಶ ಕಂಡುಬಂದರೆ ಸದಸ್ಯ ದೇಶಗಳು ಪರಸ್ಪರ ಎಚ್ಚರಿಸುವ ರಾಸ್ಫ್ ಎಂಬ ವ್ಯವಸ್ಥೆ ಯುರೋಪಿನಲ್ಲಿ 1979ರಿಂದ ಇದೆ. ಅದರ ದತ್ತಾಂಶವನ್ನು ಯಾರು ಬೇಕಾದರೂ ಹುಡುಕಬಹುದು. ಮೂಲ ದೇಶ ಎಂಬಲ್ಲಿ ಭಾರತವನ್ನೂ ಉತ್ಪನ್ನದ ವರ್ಗದಲ್ಲಿ ಬೀಜಗಳು ಎಂಬುದನ್ನೂ ಆರಿಸಿದರೆ ಶೇಂಗಾ, ಎಳ್ಳು ಮುಂತಾದವುಗಳ ಪ್ರಕರಣಗಳು ಸಾಲಾಗಿ ಬರುತ್ತವೆ: ಯಾವ ದೇಶ ದೂರಿತು, ಯಾವ ದಿನಾಂಕ, ಗಡಿಯಲ್ಲೇ ತಿರಸ್ಕರಿಸಿದರೋ ಮಾರುಕಟ್ಟೆಗೆ ಬಂದ ಮೇಲೆ ಹಿಂಪಡೆದರೋ, ಪರೀಕ್ಷೆಯಲ್ಲಿ ಎಷ್ಟು ಅಂಶ ಕಂಡಿತು. ಶೇಂಗಾದ ಮಟ್ಟಿಗೆ ಮತ್ತೆ ಮತ್ತೆ ಕಾಣುವ ಹೆಸರು ಅಫ್ಲಾಟಾಕ್ಸಿನ್. ಕಾಯಿ ಸರಿಯಾಗಿ ಒಣಗದೆ, ತೇವವಿರುವಾಗಲೇ ಚೀಲಕ್ಕೆ ತುಂಬಿದಾಗ ಬೆಳೆಯುವ ಬೂಷ್ಟಿನಿಂದ ಹುಟ್ಟುವ ವಿಷ ಅದು. ನೇರವಾಗಿ ತಿನ್ನುವ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 2 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 4 ಮೈಕ್ರೋಗ್ರಾಂ ಮೀರಬಾರದು ಎಂಬುದು ಒಕ್ಕೂಟದ ಮಿತಿ.

ಇಲ್ಲಿಗೆ ದಾಖಲೆಯ ಕೆಲಸ ಮುಗಿಯಿತು. ಎಚ್ಚರಿಕೆಯ ಕೆಲಸ ಶುರುವಾಯಿತು. ರಾಸ್ಫ್ ಕಂಪನಿಯ ಹೆಸರನ್ನು ಪ್ರಕಟಿಸುವುದಿಲ್ಲ, ರಾಜ್ಯದ ಹೆಸರನ್ನಂತೂ ಹೇಳುವುದೇ ಇಲ್ಲ. ಭಾರತದಲ್ಲಿ ಶೇಂಗಾ ಅತಿ ಹೆಚ್ಚು ಬೆಳೆಯುವುದು ಗುಜರಾತಿನಲ್ಲಿ. ಆದ್ದರಿಂದ ‘ಚಳ್ಳಕೆರೆ ಶೇಂಗಾ ತಿರಸ್ಕರಿಸಿದ ಯುರೋಪ್’ ಎಂದು ಬರೆಯಲು ಆ ಪಟ್ಟಿ ನಿಮಗೆ ಯಾವ ಆಧಾರವನ್ನೂ ಕೊಡುವುದಿಲ್ಲ. ಅದು ಕೊಡುವುದು ಒಂದು ಪ್ರಶ್ನೆಯನ್ನು: ಕೊಯ್ಲಿನ ಕಾಲಕ್ಕೇ ಮಳೆ ಹಿಡಿದುಕೊಂಡರೆ ನಮ್ಮ ಕಡೆ ಕಾಯಿಯನ್ನು ಹೇಗೆ ಒಣಗಿಸುತ್ತಾರೆ? ಆ ಪ್ರಶ್ನೆಯನ್ನು ಹಿಡಿದುಕೊಂಡು ಎಪಿಎಂಸಿ ಆವರಣಕ್ಕೆ ಹೋಗಿ. ರಾಶಿಯ ಮೇಲೆ ಕೈಯಾಡಿಸಿ ತೇವ ನೋಡುವ ದಲಾಲರನ್ನು, ಕಾಯಿ ಸುಲಿಯುವ ಯಂತ್ರದ ಸದ್ದನ್ನು, ಕೆಟ್ಟ ಬೀಜವನ್ನು ಬೆರಳಿನಿಂದ ಆರಿಸಿ ಬದಿಗೆಸೆಯುವ ಹೆಣ್ಣುಮಕ್ಕಳನ್ನು ಚಿತ್ರೀಕರಿಸಿ. ತೇವಾಂಶ ಅಳೆಯುವ ಉಪಕರಣ ಯಾರ ಬಳಿಯಾದರೂ ಇದೆಯೇ ಎಂದು ವಿಚಾರಿಸಿ. ಬ್ರಸೆಲ್ಸ್‌ನ ಒಂದು ಮಿತಿ ಮತ್ತು ಚಳ್ಳಕೆರೆಯ ಒಂದು ಕಣ, ಈ ಎರಡನ್ನು ಒಂದೇ ವರದಿಯಲ್ಲಿ ನ್ಯಾಯವಾಗಿ ಕೂಡಿಸಲು ಬ್ರಸೆಲ್ಸ್‌ನ ವರದಿಗಾರರಿಗೆ ಸಾಧ್ಯವಿಲ್ಲ. ನಿಮಗೆ ಸಾಧ್ಯವಿದೆ.

ಇಂತಹ ಎಳೆಗಳು ಇನ್ನೂ ಹಲವಿವೆ. ಕಬ್ಬಿಣ, ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರ ಮುಂತಾದವುಗಳ ಆಮದಿನ ಮೇಲೆ ಇಂಗಾಲದ ಲೆಕ್ಕದಲ್ಲಿ ಶುಲ್ಕ ವಿಧಿಸುವ ಸಿಬ್ಯಾಮ್ ವ್ಯವಸ್ಥೆ 2023ರ ಅಕ್ಟೋಬರ್‌ನಲ್ಲಿ ವರದಿ ಸಲ್ಲಿಕೆಯ ಹಂತವಾಗಿ ಆರಂಭವಾಗಿ 2026ರ ಜನವರಿಯಿಂದ ಪೂರ್ಣ ರೂಪಕ್ಕೆ ಬಂದಿದೆ. ಚಿತ್ರದುರ್ಗದ ಅದಿರನ್ನು ಕರಗಿಸುವ ಉಕ್ಕಿನ ಕಾರ್ಖಾನೆಗಳಿಗೆ ಇದು ದೂರದ ಮಾತಲ್ಲ. ಜೋಗಿಮಟ್ಟಿಯ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳ ಬಗ್ಗೆ ಬರೆಯುವವರು ಜರ್ಮನಿಯ ಬವೇರಿಯಾ ರಾಜ್ಯವು 2014ರಲ್ಲಿ ಯಂತ್ರದ ಎತ್ತರದ 10 ಪಟ್ಟು ದೂರವನ್ನು ಮನೆಗಳಿಂದ ಕಾಯ್ದುಕೊಳ್ಳಬೇಕೆಂದು ಮಾಡಿದ ನಿಯಮವನ್ನೂ, ಆಮೇಲೆ ಅದನ್ನು ಸಡಿಲಿಸಬೇಕಾಗಿ ಬಂದದ್ದನ್ನೂ ಓದಬೇಕು. ಮೆಕ್ಕೆಜೋಳದ ಬೆಲೆಗಾಗಿ ದಾವಣಗೆರೆಯ ರೈತರು ರಸ್ತೆಗಿಳಿದಾಗ, 2024ರ ಆರಂಭದಲ್ಲಿ ಬ್ರಸೆಲ್ಸ್‌ಗೆ ಟ್ರ್ಯಾಕ್ಟರ್ ನುಗ್ಗಿಸಿದ ರೈತರ ಒತ್ತಡಕ್ಕೆ ಕಮಿಷನ್ ಕೀಟನಾಶಕ ಬಳಕೆಯನ್ನು ಅರ್ಧಕ್ಕಿಳಿಸುವ ಕರಡನ್ನೇ ಹಿಂತೆಗೆದುಕೊಂಡದ್ದು ಪಕ್ಕದಲ್ಲಿಟ್ಟು ನೋಡಬೇಕಾದ ಘಟನೆ. ಆದರೆ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ವರ್ಷಕ್ಕೆ ಒಂದು ವಿಷಯ, ಹೆಚ್ಚೆಂದರೆ ಎರಡು, ಸಾಕು.

ದಾಖಲೆ ತಾಣದಲ್ಲಿ ಇಲ್ಲದಿದ್ದರೆ ಕೇಳುವ ದಾರಿಯೂ ಇದೆ. ನಮ್ಮ ಮಾಹಿತಿ ಹಕ್ಕು ಕಾಯ್ದೆಯಂತೆ ಅಲ್ಲಿ 2001ರ 1049ನೆಯ ನಿಯಮವಿದ್ದು, 15 ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ಹಕ್ಕಾಗಿ ಕೇಳಬಲ್ಲವರು ಒಕ್ಕೂಟದ ಪ್ರಜೆಗಳು ಮತ್ತು ನಿವಾಸಿಗಳು; ಹೊರಗಿನವರಿಗೆ ಕೊಡುವುದು ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ಅಲ್ಲಿ ನೆಲೆಸಿರುವ ಪತ್ರಕರ್ತರೊಬ್ಬರ ಜೊತೆಗೂಡಿ ಅರ್ಜಿ ಹಾಕುವುದು ಲೇಸು.

ಸಾಮಾಜಿಕ ವಿಷಯಗಳಲ್ಲಿ ಅವಸರ ಬೇಡ

ಸಂಸ್ಥೆಗಳ ಸುದ್ದಿಗೆ ದೂರ ಅಡ್ಡಿಯಲ್ಲ. ಮನುಷ್ಯರ ಸುದ್ದಿಗೆ ಅಡ್ಡಿ. ವಲಸೆ, ಗರ್ಭಪಾತ, ಧರ್ಮ, ಜನಾಂಗದ ತಾರತಮ್ಯ, ಮನೆ ಬಾಡಿಗೆಯ ಏರಿಕೆ ಮುಂತಾದವುಗಳನ್ನು ಬರೆಯುವಾಗ ಇಲ್ಲಿನ ಎಡಬಲದ ಅಳತೆಗೋಲನ್ನು ಅಲ್ಲಿಗೆ ಹಿಡಿಯುವ ಆಸೆ ಬಲವಾಗಿರುತ್ತದೆ. ಅದಕ್ಕೆ ಒಳಗಾಗದಿರಲು ಒಂದೇ ಉಪಾಯ, ಆ ಊರಿನ ಚರಿತ್ರೆಯನ್ನು ಓದುವುದು.

ಉತ್ತರ ಫ್ರಾನ್ಸಿನ ಕಲ್ಲಿದ್ದಲು ಗಣಿಗಳಲ್ಲಿ ಕೊನೆಯದು 1990ರಲ್ಲಿ ಮುಚ್ಚಿತು. ಆ ಸೀಮೆಯ ಎನಾಂ-ಬೋಮಾಂ ಎಂಬ ಪಟ್ಟಣದ ಆಡಳಿತ, ದಶಕಗಳ ಕಾಲ ಎಡಪಕ್ಷಗಳ ಕೈಯಲ್ಲಿದ್ದದ್ದು, 2014ರಲ್ಲಿ ತೀವ್ರ ಬಲಪಂಥದ ನಾಯಕಿ ಮರೀನ್ ಲೆ ಪೆನ್ ಅವರ ಪಕ್ಷಕ್ಕೆ ಹೋಯಿತು. ಇದನ್ನು ‘ಬಲಪಂಥದ ಅಲೆ’ ಎಂಬ ಎರಡೇ ಮಾತಿನಲ್ಲಿ ಮುಗಿಸಬಹುದು. ಆದರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಕಾರ್ಮಿಕರ ಸಂಘಗಳಿಗೆ ಏನಾಯಿತು, ಅವರ ಮಕ್ಕಳು ಯಾವ ಕೆಲಸಕ್ಕೆ ಹೋದರು, ಯಾರಿಗೆ ಮತ ಹಾಕಿದರು ಎಂಬುದನ್ನು ಬಲ್ಲ ವರದಿಗಾರರು ಎನಾಂ-ಬೋಮಾಂನ ಮತದಾರರಿಗೆ ಬೇರೆಯದೇ ಪ್ರಶ್ನೆಗಳನ್ನು ಕೇಳುತ್ತಾರೆ. ಎರಡೂ ಕಡೆ ಉತ್ತರ ಒಂದೇ ಆಗಿರಬೇಕೆಂದಿಲ್ಲ. ಇಲ್ಲಿ ಎಡಪಕ್ಷದ ಕಾರ್ಮಿಕ ಸಂಘದಲ್ಲಿದ್ದ ಹಿರಿಯರೊಬ್ಬರ ಮಾತನ್ನೂ ಅಲ್ಲಿನ ನಿವೃತ್ತ ಗಣಿ ಕಾರ್ಮಿಕರೊಬ್ಬರ ಮಾತನ್ನೂ ಹತ್ತು ನಿಮಿಷದ ಪಾಡ್‌ಕಾಸ್ಟ್ ಒಂದರಲ್ಲಿ ಅಕ್ಕಪಕ್ಕ ಇಟ್ಟರೆ, ನಿರೂಪಕರ ಟಿಪ್ಪಣಿ ಹೆಚ್ಚು ಬೇಕಾಗುವುದಿಲ್ಲ.

ಐರ್ಲೆಂಡಿನ ವಿಷಯದಲ್ಲಿ ನಮ್ಮ ರಾಜ್ಯದ ನಂಟು ಇನ್ನೂ ಆಳವಾದದ್ದು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 17 ವಾರಗಳ ಗರ್ಭಿಣಿಯಾಗಿದ್ದಾಗ ಗರ್ಭಪಾತಕ್ಕೆ ಮಾಡಿದ ಕೋರಿಕೆ ನಿರಾಕೃತವಾಗಿ, ಸೋಂಕು ರಕ್ತಕ್ಕೇರಿ, 2012ರ ಅಕ್ಟೋಬರ್ 28ರಂದು ಗಾಲ್ವೆಯಲ್ಲಿ ತೀರಿಕೊಂಡರು. ಆ ಸಾವು ಎಬ್ಬಿಸಿದ ಹೋರಾಟ 2018ರ ಮೇ 25ರ ಜನಮತಗಣನೆಯವರೆಗೆ ಹೋಯಿತು, ಶೇ 66.4ರಷ್ಟು ಮತದಾರರು ಗರ್ಭಪಾತದ ಮೇಲಿದ್ದ ಸಂವಿಧಾನದ ನಿರ್ಬಂಧವನ್ನು ತೆಗೆಯಬೇಕೆಂದರು. ಒಂದು ಯುರೋಪಿಯನ್ ದೇಶದ ಸಂವಿಧಾನ ಬದಲಾದ ಕಥೆಯಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬಳ ಹೆಸರು ಸೇರಿದೆ. ಈ ಹೆಸರನ್ನು ಬಳಸುವಾಗಲೆಲ್ಲ ಅದರ ಹಿಂದೆ ಇನ್ನೂ ಬದುಕಿರುವ ಕುಟುಂಬವಿದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಹಳೆಯ ಮದುವೆಯ ಫೋಟೊವನ್ನು ಎಲ್ಲಿಂದಲೋ ಎತ್ತಿ ಥಂಬ್‌ನೇಲ್ ಮಾಡುವುದು ಸಲ್ಲದು.

ವಲಸೆಯ ಅಂಕಿಗಳಲ್ಲಿ ವಿಶೇಷ ಜಾಗ್ರತೆ ಬೇಕು. ವಾರ್ಸಾದಲ್ಲಿ ಕೇಂದ್ರ ಕಚೇರಿಯಿರುವ, ಒಕ್ಕೂಟದ ಗಡಿ ಕಾವಲು ಸಂಸ್ಥೆ ಫ್ರಾಂಟೆಕ್ಸ್ ಪ್ರಕಟಿಸುವುದು ಅಕ್ರಮವಾಗಿ ಗಡಿ ದಾಟಿದ ಪ್ರಕರಣಗಳ ಸಂಖ್ಯೆಯನ್ನೇ ಹೊರತು ಜನರ ಸಂಖ್ಯೆಯನ್ನಲ್ಲ. ಒಬ್ಬನೇ ವ್ಯಕ್ತಿ ಬೇರೆ ಬೇರೆ ಗಡಿಗಳಲ್ಲಿ ಎರಡು ಮೂರು ಬಾರಿ ಲೆಕ್ಕಕ್ಕೆ ಬರಬಹುದು. ಆಶ್ರಯ ಕೋರಿದವರು, ಆಶ್ರಯ ಪಡೆದವರು, ಕೆಲಸದ ವೀಸಾದಲ್ಲಿ ಹೋದವರು ಮೂವರೂ ಬೇರೆ ಬೇರೆ ಕೋಷ್ಟಕಗಳಲ್ಲಿದ್ದಾರೆ. ದೇಶಗಳನ್ನು ಹೋಲಿಸುವಾಗ ಜನಸಂಖ್ಯೆಗೆ ಅನುಗುಣವಾಗಿ ಹೋಲಿಸಿ, ಇಲ್ಲದಿದ್ದರೆ ಜರ್ಮನಿಯಂತಹ ದೊಡ್ಡ ದೇಶ ಮೇಲಿನ ಸಾಲುಗಳಲ್ಲೂ ಸೈಪ್ರಸ್‌ನಂತಹ ಸಣ್ಣ ದೇಶ ಅದಕ್ಕಿಂತ ಕೆಳಗೂ ಕಾಣುತ್ತದೆ. ಮುಖ ತೋರಿಸುವ ವಿಷಯದಲ್ಲಿ ಅಲ್ಲಿನ ಕಾನೂನು ನಮ್ಮದಕ್ಕಿಂತ ಕಟ್ಟುನಿಟ್ಟು. ಜರ್ಮನಿಯಲ್ಲಿ ಸಾಮಾನ್ಯವಾಗಿ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಅವರ ಚಿತ್ರ ಪ್ರಕಟಿಸುವಂತಿಲ್ಲ, ಆರೋಪಿಯ ಪೂರ್ಣ ಹೆಸರನ್ನು ಪತ್ರಿಕೆಗಳು ಬರೆಯುವುದು ವಿರಳ. ಅಲ್ಲಿರುವ ಕನ್ನಡದ ವಿದ್ಯಾರ್ಥಿ ಅಥವಾ ನರ್ಸ್ ಒಬ್ಬರು ತಮ್ಮ ಮನೆ ಮಾಲೀಕರ ಬಗ್ಗೆ, ಕೆಲಸ ಕೊಟ್ಟವರ ಬಗ್ಗೆ ಮಾತಾಡಿದರೆ, ಅವರ ವೀಸಾ ಆ ಕೆಲಸಕ್ಕೇ ಅಂಟಿಕೊಂಡಿರಬಹುದು. ಹೆಸರು ಬೇಕೇ, ಮುಖ ಬೇಕೇ, ಊರಿನ ಹೆಸರಾದರೂ ಬೇಕೇ ಎಂದು ಪ್ರತ್ಯೇಕವಾಗಿ ಕೇಳಿ, ಒಪ್ಪಿಗೆಯನ್ನು ಧ್ವನಿಯಲ್ಲಿ ದಾಖಲಿಸಿಕೊಳ್ಳಿ.

ಧ್ವನಿ ಮತ್ತು ದೃಶ್ಯ

ವಿಡಿಯೊ ಕರೆಯ ಸ್ಕ್ರೀನ್ ರೆಕಾರ್ಡಿಂಗನ್ನೇ ಬೈಟ್ ಆಗಿ, ಅಂದರೆ ವರದಿಯಲ್ಲಿ ಹಾಕುವ ಮಾತಿನ ತುಣುಕಾಗಿ ಬಳಸುವ ರೂಢಿಯನ್ನು ಬಿಟ್ಟುಬಿಡಿ. ಮಾತು ಕಡಿದು ಕಡಿದು ಬರುವ ಸಂದರ್ಶನವನ್ನು ನೋಡುಗರು ಅರ್ಧ ನಿಮಿಷವೂ ಸಹಿಸುವುದಿಲ್ಲ. ಬದಲಿಗೆ ಹೀಗೆ ಮಾಡಿ: ಕರೆ ಒಂದು ಸಾಧನದಲ್ಲಿ ನಡೆಯಲಿ, ಅಲ್ಲಿರುವವರು ತಮ್ಮ ಇನ್ನೊಂದು ಫೋನನ್ನು ಪುಸ್ತಕಗಳ ಮೇಲೆ, ಬಾಯಿಗೆ ಒಂದು ಗೇಣು ದೂರದಲ್ಲಿ ಇಟ್ಟು ರೆಕಾರ್ಡರ್ ಚಾಲೂ ಮಾಡಲಿ. ಕಿಟಕಿ ಮುಚ್ಚಿರಲಿ, ಅವರು ಇಯರ್‌ಫೋನ್ ಹಾಕಿಕೊಂಡಿರಲಿ, ಇಲ್ಲದಿದ್ದರೆ ನಿಮ್ಮ ಪ್ರಶ್ನೆಯೂ ಅದರಲ್ಲಿ ಸೇರುತ್ತದೆ. ಆರಂಭದಲ್ಲಿ ಇಬ್ಬರೂ ಒಮ್ಮೆ ಚಪ್ಪಾಳೆ ತಟ್ಟಿದರೆ ಎಡಿಟ್ ಮಾಡುವಾಗ ಎರಡೂ ಕಡೆಯ ಧ್ವನಿಯನ್ನು ಹೊಂದಿಸುವುದು ಸುಲಭ. ಮುಗಿದ ಮೇಲೆ ಆ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ಅವರ ಕೋಣೆಯ ಮೌನವನ್ನೂ ಅರ್ಧ ನಿಮಿಷ, ಕಿಟಕಿಯಾಚೆಯ ಟ್ರಾಮ್ ಸದ್ದನ್ನೂ ಅರ್ಧ ನಿಮಿಷ ಬೇರೆಯಾಗಿ ತೆಗೆಸಿಕೊಳ್ಳಿ. ನಿಮ್ಮ ಕಡೆ ಪಿ.ಬಿ. ರಸ್ತೆಯ ಹಾರ್ನ್ ಕೇಳಿಸುವ ಕೋಣೆಯಾದರೆ ಕಾಲರ್ ಮೈಕ್ ಕಡ್ಡಾಯ.

ದೃಶ್ಯಗಳಿಗಾಗಿ ಸುದ್ದಿಸಂಸ್ಥೆಗಳ ತುಣುಕುಗಳನ್ನು ಯೂಟ್ಯೂಬಿನಿಂದ ಇಳಿಸಿಕೊಳ್ಳುವುದು ಕಾನೂನಿಗೂ ವಿರುದ್ಧ, ನಿಮ್ಮ ಚಾನೆಲ್ಲಿಗೂ ಅಪಾಯ. ಕಮಿಷನ್ನಿನ ಆಡಿಯೊವಿಶುವಲ್ ವಿಭಾಗ ಮತ್ತು ಪಾರ್ಲಿಮೆಂಟಿನ ಮಲ್ಟಿಮೀಡಿಯಾ ಕೇಂದ್ರ ಎರಡೂ ಸಭೆ, ಭಾಷಣ, ಕಟ್ಟಡ, ಗಡಿ, ಹೊಲಗಳ ಒಳ್ಳೆಯ ದೃಶ್ಯಗಳನ್ನು ಪತ್ರಕರ್ತರಿಗೆ ಉಚಿತವಾಗಿ ಕೊಡುತ್ತವೆ; ಮೂಲವನ್ನು ತೋರಿಸಬೇಕು, ಪ್ರತಿ ತುಣುಕಿನ ಕೆಳಗಿನ ಷರತ್ತನ್ನು ಓದಿಕೊಳ್ಳಬೇಕು. ಇವು ಸರ್ಕಾರಿ ಕ್ಯಾಮೆರಾದ ಕಣ್ಣು ಎಂಬುದನ್ನು ಮಾತ್ರ ಮರೆಯಬಾರದು: ಅಲ್ಲಿ ಸಚಿವರು ಸದಾ ಕೈಕುಲುಕುತ್ತಿರುತ್ತಾರೆ. ಪ್ರತಿಭಟನೆಯ ದೃಶ್ಯ ಬೇಕಾದರೆ ಅದನ್ನು ತೆಗೆದವರನ್ನೇ ಹುಡುಕಿ ಅನುಮತಿ ಕೇಳಬೇಕು.

ಯಂತ್ರಾನುವಾದದ ಬಗ್ಗೆ ಒಂದು ಮಾತು. ಪೋಲಿಶ್ ಅಥವಾ ಹಂಗೇರಿಯನ್ ಪತ್ರಿಕೆಯಲ್ಲಿ ಏನಿದೆ ಎಂದು ತಿಳಿಯಲು ಅದನ್ನು ಧಾರಾಳವಾಗಿ ಬಳಸಿ. ಆದರೆ ಉದ್ಧರಣ ಚಿಹ್ನೆಯೊಳಗೆ ಹಾಕುವ ಮಾತನ್ನು ಆ ಭಾಷೆ ಬಲ್ಲವರೊಬ್ಬರು ಕೇಳಿ ಒಪ್ಪದ ಹೊರತು ಪ್ರಕಟಿಸಬೇಡಿ.

ಚುನಾವಣೆಯ ರಾತ್ರಿ

ಜರ್ಮನಿಯಲ್ಲಿ ಸಂಜೆ 6ಕ್ಕೆ ಮತದಾನ ಮುಗಿದ ಕ್ಷಣವೇ ಮತಗಟ್ಟೆ ಸಮೀಕ್ಷೆ ಬರುತ್ತದೆ. ಚಳಿಗಾಲದಲ್ಲಿ ಅದು ನಮಗೆ ರಾತ್ರಿ 10:30. ಫ್ರಾನ್ಸಿನಲ್ಲಿ ರಾತ್ರಿ 8ಕ್ಕೆ. ಬೇಸಿಗೆಯಲ್ಲಿ ನಮಗೆ 11:30. ಜಿಲ್ಲಾ ಆವೃತ್ತಿಯ ಪುಟಗಳು ಅಷ್ಟರಲ್ಲಿ ಮುದ್ರಣಕ್ಕೆ ಹೊರಟಿರುತ್ತವೆ. ಹಾಗಾಗಿ ಫಲಿತಾಂಶದ ಓಟಕ್ಕೆ ಬೀಳದೆ, ಮರುದಿನ ಬೆಳಿಗ್ಗೆಗೆ ಒಂದು ವಿವರಣೆಯ ವಿಡಿಯೊ ತಯಾರಿಟ್ಟುಕೊಳ್ಳುವುದು ಜಾಣತನ. ವಿಧಾನವನ್ನು ಮೊದಲೇ ಚಿತ್ರೀಕರಿಸಿಡಿ: ಜರ್ಮನಿಯ ಮತದಾರರಿಗೆ ಎರಡು ಮತಗಳಿವೆ, ಶೇ 5ರ ಮಿತಿ ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಸೀಟಿಲ್ಲ, ಫ್ರಾನ್ಸಿನ ಅಧ್ಯಕ್ಷರ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬರದಿದ್ದರೆ ಮೊದಲಿನ ಇಬ್ಬರ ನಡುವೆ ಎರಡನೆಯ ಸುತ್ತು. 2025ರ ಫೆಬ್ರುವರಿ 23ರ ಜರ್ಮನಿಯ ಸಂಸತ್ ಚುನಾವಣೆಯಲ್ಲಿ ತೀವ್ರ ಬಲಪಂಥದ ಎಎಫ್‌ಡಿ ಪಕ್ಷ ಶೇ 20.8ರಷ್ಟು ಮತ ಪಡೆದು ಎರಡನೆಯ ಸ್ಥಾನಕ್ಕೆ ಬಂದರೂ ಸರ್ಕಾರದಿಂದ ಏಕೆ ಹೊರಗುಳಿಯಿತು ಎಂಬುದು ಮೈತ್ರಿಯ ಲೆಕ್ಕ ಗೊತ್ತಿರುವ ಕರ್ನಾಟಕದ ಓದುಗರಿಗೆ ಬೇಗ ಅರ್ಥವಾಗುತ್ತದೆ. ಅದನ್ನು ಹೇಳಲು ಮೂರು ನಿಮಿಷ ಸಾಕು.

ಹೋಗಿ ಬರುವುದಾದರೆ

ಒಂದು ಹಂತದಲ್ಲಿ ಹೋಗಲೇಬೇಕಾಗುತ್ತದೆ. ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಷೆಂಗೆನ್ ವಲಯದ 29 ದೇಶಗಳಿಗೆ ಒಂದೇ ಅಲ್ಪಾವಧಿ ವೀಸಾ ಸಾಕು. 180 ದಿನಗಳಲ್ಲಿ 90 ದಿನ ಇರಬಹುದು. ಐರ್ಲೆಂಡ್ ಮತ್ತು ಬ್ರಿಟನ್ನಿಗೆ ಬೇರೆ ವೀಸಾ ಬೇಕು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ವಿಮೆ ಕಡ್ಡಾಯ, ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಬೆಂಗಳೂರಿನ ಕೇಂದ್ರಗಳಲ್ಲಿ ಸಲ್ಲಿಸಬಹುದು. ಪ್ರವಾಸವೆಂದು ಬರೆದು ವರದಿಗಾರಿಕೆಗೆ ಹೋಗಬೇಡಿ. ಸಂಪಾದಕರ ಪತ್ರ ಮತ್ತು ಅಲ್ಲಿಂದ ಬಂದ ಆಹ್ವಾನದೊಂದಿಗೆ ಕೆಲಸದ ಉದ್ದೇಶವನ್ನೇ ತಿಳಿಸಿ. ಪಾರ್ಲಿಮೆಂಟಿನ ಪತ್ರಕರ್ತರ ಪಾಸಿಗೆ ಮೊದಲೇ ಅರ್ಜಿ ಹಾಕಿ. ಮಹಾಧಿವೇಶನ ಸ್ಟ್ರಾಸ್‌ಬರ್ಗ್‌ನಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸೋಮವಾರದಿಂದ ಗುರುವಾರದವರೆಗೆ ನಡೆಯುತ್ತದೆ, ಸಮಿತಿಗಳು ಬ್ರಸೆಲ್ಸ್‌ನಲ್ಲಿ ಕೂಡುತ್ತವೆ. ಮಾತುಕತೆ ನಿಜವಾಗಿ ನಡೆಯುವುದು ಸಮಿತಿಯ ವಾರಗಳಲ್ಲಿ, ಕಾರಿಡಾರುಗಳಲ್ಲಿ. ಒಂದೇ ವಾರಕ್ಕೆ ಹಣವಿದ್ದರೆ ಬ್ರಸೆಲ್ಸನ್ನೇ ಆರಿಸಿ. ಆಗಸ್ಟ್ ತಿಂಗಳನ್ನು ಬಿಡಿ, ಆಗ ಪಾರ್ಲಿಮೆಂಟಿಗೆ ರಜೆ, ಸಂಸದರಾಗಲಿ ಅವರ ಸಹಾಯಕರಾಗಲಿ ಸಿಗುವುದು ಕಷ್ಟ.